ಯಶಸ್ವಿನಿ: ಅರವತ್ತು ರೂಪಾಯಿಯ ಲೆಕ್ಕ

ಯಾವಾಗ ಕಾಯಿಲೆ ಬೀಳುತ್ತೇವೆ, ಎಷ್ಟು ಖರ್ಚಾಗುತ್ತದೆ ಎಂಬುದು ಮೊದಲೇ ಯಾರಿಗೂ ತಿಳಿಯದು. ಕಾಯಿಲೆ ಬಿದ್ದ ಮೇಲೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ರೋಗಿ ಇರುವುದಿಲ್ಲ. ಆದ್ದರಿಂದ ವೈದ್ಯಕೀಯ ಸೇವೆಯ ಮಾರುಕಟ್ಟೆ ತರಕಾರಿ ಸಂತೆಯಂತಲ್ಲ. ಇದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಮುಂಗಡ ವಂತಿಗೆ ಪಡೆದು, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡಿಸುವ ಸಂಸ್ಥೆಗಳಿಗೆ ಆ ದೇಶ 1973ರಲ್ಲಿ ಕಾಯಿದೆಯ ಬೆಂಬಲ ನೀಡಿತು. ಇದೇ ‘ನಿರ್ವಹಿತ ಆರೋಗ್ಯ ಸೇವೆ’.

ಇದನ್ನು ಹೋಲುವ ಪ್ರಯೋಗ ಕರ್ನಾಟಕದಲ್ಲಿ 2003ರ ಜೂನ್‌ನಲ್ಲಿ ಆರಂಭವಾಯಿತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಪ್ರೇರಣೆಯಿಂದ, ಸಹಕಾರ ಇಲಾಖೆಯ ಮೂಲಕ ‘ಯಶಸ್ವಿನಿ’ ಯೋಜನೆ ಜಾರಿಗೆ ಬಂತು. ಸದಸ್ಯರ ವಂತಿಗೆ ತಿಂಗಳಿಗೆ 5 ರೂ., ವರ್ಷಕ್ಕೆ 60 ರೂ. ಸರ್ಕಾರವೂ ಸಹಾಯಧನ ನೀಡಿತು. ಶಸ್ತ್ರಚಿಕಿತ್ಸೆಗಳ ದರವನ್ನು ಮೊದಲೇ ನಿಗದಿಪಡಿಸಲಾಗಿತ್ತು. ಹೀಗಾಗಿ ಅನಗತ್ಯ ಪರೀಕ್ಷೆ ಮಾಡಿಸಿ ಬಿಲ್ಲು ಬೆಳೆಸುವುದರಿಂದ ಆಸ್ಪತ್ರೆಗೆ ಲಾಭವಿಲ್ಲ. ಆದರೆ ಅಗತ್ಯ ಸೇವೆಯನ್ನೂ ಕಡಿತಗೊಳಿಸುವ ಪ್ರಲೋಭನೆ ಇರುತ್ತದೆ. ಮೇಲ್ವಿಚಾರಣೆ ಬೇಕಾಗುವುದು ಅದಕ್ಕೇ.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡಿ. 1000 ಜನರು ತಲಾ 60 ರೂ. ಕೊಟ್ಟರೆ 60,000 ರೂ. ಕೂಡುತ್ತದೆ. 12,000 ರೂ. ವೆಚ್ಚದ 5 ಶಸ್ತ್ರಚಿಕಿತ್ಸೆಗಳಿಗೆ ಅಷ್ಟು ಸಾಕು. ಕಾಯಿಲೆಯ ಭಯವಿರುವ 200 ಜನರಷ್ಟೇ ಸೇರಿದರೆ? ಆ ಐದು ಮಂದಿ ಅವರಲ್ಲೇ ಇರುತ್ತಾರೆ. ವಂತಿಗೆ 300 ರೂಪಾಯಿಗೆ ಏರುತ್ತದೆ. ಇದು ‘ಪ್ರತಿಕೂಲ ಆಯ್ಕೆ’. ಸಹಕಾರ ಸಂಘಗಳ ಮೂಲಕ ಗುಂಪಾಗಿ ಸೇರಿಸಿಕೊಂಡರೆ ಈ ಅಪಾಯ ತಗ್ಗುತ್ತದೆ.

ಆದರೆ ಆ ಉಪಾಯವೇ ಕೆಲವರಿಗೆ ಬೇಲಿಯೂ ಆಯಿತು. ಕೊಡಗಿನ ದುಬಾರೆಯಲ್ಲಿ, ಕಾವೇರಿಯ ದಡದ ಆನೆ ಶಿಬಿರದ ಸುತ್ತ ಜೇನುಕುರುಬರ ಹಾಡಿಗಳಿವೆ. ಅಲ್ಲಿನ ಭೂರಹಿತ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಸಂಘದ ಸದಸ್ಯತ್ವ ಇಲ್ಲದಿದ್ದರೆ 60 ರೂ. ಕೈಯಲ್ಲಿದ್ದರೂ ಯಶಸ್ವಿನಿ ಸಿಗುತ್ತಿರಲಿಲ್ಲ. 2018ರಲ್ಲಿ ಯಶಸ್ವಿನಿ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನವಾಯಿತು. ತೆರಿಗೆ ಹಣದ ಈ ಯೋಜನೆಗೆ ಸಂಘದ ಸದಸ್ಯತ್ವ ಬೇಕಿಲ್ಲ. ಯಶಸ್ವಿನಿ 2023ರಲ್ಲಿ ಮತ್ತೆ ಆರಂಭವಾಯಿತು.

ಬೇಲಿ ತೆಗೆದರೂ ದಾರಿ ಉಳಿಯುತ್ತದೆ. ಹಾಡಿಯಿಂದ ಆಸ್ಪತ್ರೆಗೆ ಹೋಗುವ ಬಸ್ಸಿನ ಖರ್ಚು, ಜೊತೆಗೆ ಹೋದವರ ಕೂಲಿ ನಷ್ಟ ಯಾವ ಬಿಲ್ಲಿನಲ್ಲೂ ಕಾಣವು. ಸಮಾಜ ತೆರುವ ವೆಚ್ಚದಲ್ಲಿ ಅವೂ ಸೇರಿವೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರೋಗ ಬೇಗ ಪತ್ತೆಯಾದರೆ ಎಷ್ಟೋ ಶಸ್ತ್ರಚಿಕಿತ್ಸೆಗಳು ಬೇಕಾಗುವುದೇ ಇಲ್ಲ. ಯೋಜನೆಯ ದಕ್ಷತೆಯನ್ನು ಅಳೆಯುವಾಗ ನಡೆದ ಶಸ್ತ್ರಚಿಕಿತ್ಸೆಗಳ ಜೊತೆಗೆ ತಪ್ಪಿಸಿದವುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.