ಮೂತಿಯ ಮೇಲೆ ಫಾರ್ಗೋ, ಒಳಗೆ ಡಾಡ್ಜ್

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ಬರುವ ಸಣ್ಣ ಸರಕು ವಾಹನವನ್ನು ‘ಪಿಕಪ್’ ಎನ್ನುವುದು ರೂಢಿ. ಈ ಹೆಸರು ಅಮೆರಿಕದ್ದು. ಅಲ್ಲಿ ಹಳೆಯ ಪಿಕಪ್ಪುಗಳನ್ನು ಗುರುತಿಸುವವರು ಕಂಪೆನಿ ಯಾವುದೆಂದು ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಟನ್ನಿನದು ಎಂದೂ ಕೇಳುತ್ತಾರೆ. ಅರ್ಧ, ಮುಕ್ಕಾಲು, ಒಂದು ಟನ್ – ಇವು ಮುಖ್ಯ ದರ್ಜೆಗಳು. ಮೊದಲಿಗೆ ಇದು ಹೊರಬಹುದಾದ ಭಾರದ ಲೆಕ್ಕ. ಮುಂದೆ ಗಾಡಿಗಳ ಶಕ್ತಿ ಹೆಚ್ಚಿದರೂ ಹೆಸರು ಹಾಗೆಯೇ ಉಳಿಯಿತು.

ಷೆವರ್ಲೆ ಕಂಪೆನಿ 1947ರಲ್ಲಿ ತಂದ ಮಾದರಿಗಳಲ್ಲಿ 3100 ಎಂದರೆ ಅರ್ಧ ಟನ್, 3600 ಮುಕ್ಕಾಲು, 3800 ಒಂದು ಟನ್. ಮೂರರ ಮುಖವೂ ಒಂದೇ! ಸಂಖ್ಯೆಯ ಫಲಕ ಕಳಚಿಹೋಗಿದ್ದರೆ ಚಕ್ರ ನೋಡಬೇಕು. ಅರ್ಧ ಟನ್ನಿನದಕ್ಕೆ 6 ಬೋಲ್ಟು, ಮುಕ್ಕಾಲು ಟನ್ನಿನದಕ್ಕೆ 8. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅರ್ಧ ಟನ್ನಿನದು 116 ಅಂಗುಲ, ಒಂದು ಟನ್ನಿನದು 137. ಫೋರ್ಡ್ ಕಂಪೆನಿಯ ಅರ್ಧ ಟನ್ ‘ಎಫ್-1’ ಆಗಿದ್ದು, 1953ರಲ್ಲಿ ‘ಎಫ್-100’ ಆಯಿತು.

ಹೆಚ್ಚು ಗೊಂದಲ ಕ್ರೈಸ್ಲರ್ ಕಂಪೆನಿಯದು. ಬೇರೆ ಬೇರೆ ಮಾರಾಟಗಾರರಿಗೆಂದು ಒಂದೇ ಲಾರಿಯನ್ನು ಅದು ಡಾಡ್ಜ್, ಫಾರ್ಗೋ, ಡಿ ಸೋಟೊ ಎಂಬ ಮೂರು ಹೆಸರುಗಳಲ್ಲಿ ಮಾರಿತು. ನಮ್ಮ ಹಿರಿಯರು ಕಂಡ ‘ಫಾರ್ಗೋ ಲಾರಿ’ ಇದೇ.

ಈ ಲಾರಿಗಳು ಬೆಂಗಳೂರಿನಲ್ಲೇ ತಯಾರಾಗಬಹುದಿತ್ತು. ಶಿಡ್ಲಘಟ್ಟದ ನೆರೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯ 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರವೂ ಒಲವು ತೋರಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಬೆಂಬಲ ನೀಡಲಿಲ್ಲ. ಮೈಸೂರಿನ ಕೈತಪ್ಪಿದ್ದು ಸಣ್ಣ ಅವಕಾಶವೇನಲ್ಲ. ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರಿಂದ ಕ್ರೈಸ್ಲರ್ ವಾಹನಗಳು ಅಲ್ಲಿ ಜೋಡಣೆಗೊಂಡವು.

ಇಲ್ಲಿಗೆ ಬಂದವು ಹೆಚ್ಚಾಗಿ ದೊಡ್ಡ ಲಾರಿಗಳು. ಚಾಸಿ ಕೊಂಡು, ಮರದ ಬಾಡಿಯನ್ನು ಊರಿನಲ್ಲೇ ಕಟ್ಟಿಸುತ್ತಿದ್ದರು. ಹೀಗಾಗಿ ಬಾಡಿ ನೋಡಿ ಮಾದರಿ ಹೇಳಲಾಗದು, ಮೂತಿಯ ಹೆಸರೂ ಸಾಲದು. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನೇ ತುಕ್ಕು ಕೆರೆದು ಓದಬೇಕು.