ಬಾರದ ವಾಂತಿ: ಬರಿ ಓಕರಿಕೆಯ ಕಾರಣ ಮತ್ತು ಚಿಕಿತ್ಸೆ

“ವಾಂತಿ ಬಂದ ಹಾಗಾಗುತ್ತೆ ಡಾಕ್ಟ್ರೇ, ಆದರೆ ಏನೂ ಬರಲ್ಲ” ಎಂಬ ದೂರು ಹೊರರೋಗಿ ವಿಭಾಗಕ್ಕೆ ಹೊಸದಲ್ಲ. ಚೀಟಿಯ ಮೇಲೆ ಅದು ಬಹುತೇಕ ‘ವಾಂತಿ’ ಎಂದೇ ದಾಖಲಾಗಿ, ವಾಂತಿ ತಡೆಯುವ ಒಂಡಾನ್‌ಸೆಟ್ರಾನ್ ಮಾತ್ರೆಯಲ್ಲಿ ಮುಗಿದುಹೋಗುತ್ತದೆ. ಹಾಗೆ ಬರೆದುಕೊಂಡಾಗ ರೋಗನಿದಾನದ ಒಂದು ಮುಖ್ಯ ಸುಳಿವು ಕೈತಪ್ಪುತ್ತದೆ ಎಂಬುದು ಈ ಲೇಖನದ ವಾದ. ಓಕರಿಸಿಯೂ ಏನೂ ಹೊರಬೀಳದಿದ್ದರೆ ಮೊದಲು ತಿಳಿಯಬೇಕಾದದ್ದು, ಜಠರ ಖಾಲಿಯಾಗಿದೆಯೋ ಅಥವಾ ತುಂಬಿದ್ದೂ ದಾರಿ ಕಟ್ಟಿದೆಯೋ ಎಂಬುದನ್ನು.

ಓಕರಿಕೆಯಲ್ಲಿ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ), ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೆ, ಲಯಬದ್ಧವಾಗಿ ಬಿಗಿಯುತ್ತವೆ. ಶ್ವಾಸದ್ವಾರ ಮುಚ್ಚಿರುವುದರಿಂದ ಗಾಳಿ ಒಳಗೆ ಬರುವುದಿಲ್ಲ. ಎದೆಗೂಡಿನ ಒತ್ತಡ ಕುಸಿಯುತ್ತದೆ, ಹೊಟ್ಟೆಯ ಒತ್ತಡ ಏರುತ್ತದೆ. ಜಠರದಲ್ಲಿದ್ದದ್ದು ಅನ್ನನಾಳಕ್ಕೆ ಏರಿ ಮತ್ತೆ ಕೆಳಗಿಳಿಯುತ್ತದೆ. ನಿಜವಾದ ವಾಂತಿಯಾಗಬೇಕಾದರೆ ಅನ್ನನಾಳವನ್ನು ಸುತ್ತುವರಿದ ವಪೆಯ ಭಾಗ ಸಡಿಲಗೊಂಡು, ಎದೆಯ ಒತ್ತಡವೂ ಏರಬೇಕು. ಬೆಳಿಗ್ಗೆ ನಾಲಿಗೆ ಹೆರೆಯುವಾಗ ಗಂಟಲಿನಾಳಕ್ಕೆ ಬೆರಳಿಟ್ಟು ಪಕ್ಕದ ಮನೆಗೂ ಕೇಳುವಂತೆ ಓಕರಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಅದು ಒಂಬತ್ತು ಮತ್ತು ಹತ್ತನೆಯ ಕಪಾಲನರಗಳ ಪ್ರತಿವರ್ತನೆ. ಬೆರಳು ತೆಗೆದರೆ ನಿಲ್ಲುತ್ತದೆ. ಅದಕ್ಕೆ ಔಷಧಿ ಬೇಡ, ಬೆರಳನ್ನು ಅಷ್ಟು ಒಳಗೆ ಹಾಕದಿದ್ದರೆ ಸಾಕು.

ಖಾಲಿ ಜಠರದ ಓಕರಿಕೆಯೇ ಹೆಚ್ಚು ಸಾಮಾನ್ಯ. ಬಸುರಿನ ಮೊದಲ ತಿಂಗಳುಗಳು, ನಿತ್ಯ ಕುಡಿಯುವವರ ಬೆಳಗು, ಮೂತ್ರಪಿಂಡಗಳ ವೈಫಲ್ಯ, ಕೀಮೋಥೆರಪಿ, ಮೈಗ್ರೇನ್ ಎಲ್ಲವೂ ಇಲ್ಲಿ ಸೇರುತ್ತವೆ. ಮೊದಲ ಕೆಲವು ವಾಂತಿಗಳಲ್ಲೇ ಇದ್ದದ್ದೆಲ್ಲ ಹೊರಹೋಗಿರುತ್ತದೆ, ಮಿದುಳುಕಾಂಡದ ಪ್ರಚೋದನೆ ಮಾತ್ರ ನಿಂತಿರುವುದಿಲ್ಲ. ಈ ಓಕರಿಕೆಯನ್ನು ಉಪದ್ರವವಿಲ್ಲದ್ದೆಂದು ತಿಳಿಯುವಂತಿಲ್ಲ. ಇದರ ರಭಸಕ್ಕೆ ಅನ್ನನಾಳ ಮತ್ತು ಜಠರ ಕೂಡುವಲ್ಲಿ ಒಳಪದರ ಸೀಳಿ ರಕ್ತಸ್ರಾವವಾಗುವುದನ್ನು ಮ್ಯಾಲರಿ ಮತ್ತು ವೈಸ್ 1929ರಲ್ಲಿ ವರ್ಣಿಸಿದ್ದು ಮದ್ಯಪಾನಿಗಳಲ್ಲೇ.

ದಾರಿ ಕಟ್ಟಿದ ಜಠರದ ಕಥೆ ಬೇರೆ. ಜಠರ ತನ್ನ ಅಕ್ಷದ ಮೇಲೆ ತಿರುಚಿಕೊಳ್ಳುವುದನ್ನು ಬೆರ್ಟಿ 1866ರಲ್ಲಿ ಶವಪರೀಕ್ಷೆಯೊಂದರಲ್ಲಿ ಗುರುತಿಸಿದ. 1904ರಲ್ಲಿ ಬೋರ್ಕಾರ್ಟ್ ಅದರ ಮೂರು ಲಕ್ಷಣಗಳನ್ನು ಒಟ್ಟಿಗೆ ಹೇಳಿದ: ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು, ಏನೂ ಹೊರಬೀಳದ ಓಕರಿಕೆ, ಜಠರಕ್ಕೆ ನಳಿಕೆ ಇಳಿಸಲಾಗದಿರುವುದು. ವಯಸ್ಸಾದವರಲ್ಲಿ ಇದರ ಹಿಂದೆ ಸಾಮಾನ್ಯವಾಗಿ ವಪೆಯ ರಂಧ್ರದ ಮೂಲಕ ಜಠರ ಎದೆಗೂಡಿಗೆ ನುಸುಳಿದ ದೊಡ್ಡ ಹರ್ನಿಯಾ ಇರುತ್ತದೆ. ತಿರುಚು 180 ಡಿಗ್ರಿ ದಾಟಿದರೆ ಎರಡೂ ಬಾಗಿಲು ಮುಚ್ಚಿದಂತೆ. ಮೇಲಿಂದ ಹೋಗದು, ಕೆಳಗೂ ಇಳಿಯದು, ರೋಗಿ ಸ್ವಲ್ಪ ಎಂಜಲು ಉಗುಳುತ್ತ ಓಕರಿಸುತ್ತಲೇ ಇರುತ್ತಾನೆ. ಎದೆಯ ಎಕ್ಸ್-ರೇಯಲ್ಲಿ ಹೃದಯದ ಹಿಂದೆ ಗಾಳಿ ಮತ್ತು ದ್ರವದ ನೇರ ಗೆರೆ ಕಂಡರೆ ಶಂಕೆ ಬಲವಾಗುತ್ತದೆ, ಸಿ.ಟಿ. ಸ್ಕ್ಯಾನ್ ಖಚಿತಪಡಿಸುತ್ತದೆ. ಈ ವಿಷಯದಲ್ಲಿ ಪಶುವೈದ್ಯರು ನಮಗಿಂತ ಚುರುಕು ಎನ್ನಬೇಕು: ಗ್ರೇಟ್ ಡೇನ್‌ನಂಥ ಆಳವಾದ ಎದೆಯ ನಾಯಿ ಹೊಟ್ಟೆಯುಬ್ಬಿಸಿಕೊಂಡು ಬರಿದೇ ಓಕರಿಸಿದರೆ ಅವರು ತಡಮಾಡುವುದಿಲ್ಲ.

ವೈದ್ಯರೇ ಉಂಟುಮಾಡುವ ಕಾರಣವೂ ಒಂದುಂಟು. ಹುಳಿತೇಗಿನ ತೀವ್ರ ಕಾಯಿಲೆಗೆ ಜಠರದ ಮೇಲ್ತುದಿಯನ್ನು ಅನ್ನನಾಳದ ಸುತ್ತ ಮಡಿಸಿ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ. ಹೊಲಿಗೆ ಬಿಗಿಯಾದರೆ ರೋಗಿಗೆ ತೇಗಲೂ ಆಗುವುದಿಲ್ಲ, ವಾಂತಿಯೂ ಆಗುವುದಿಲ್ಲ; ಹೊಟ್ಟೆಯುಬ್ಬರ ಮತ್ತು ಓಕರಿಕೆ ಉಳಿಯುತ್ತವೆ. ಹಳೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳದೆ ಇದು ತಿಳಿಯುವುದಿಲ್ಲ.

ಚಿಕಿತ್ಸೆ ಈ ಭೇದವನ್ನೇ ಅನುಸರಿಸಬೇಕು. ಜಠರ ಖಾಲಿಯಿದ್ದಾಗ ಒಂಡಾನ್‌ಸೆಟ್ರಾನ್ ಸಿರೊಟೋನಿನ್ ಸಂದೇಶವನ್ನು ತಡೆದು ಉಪಶಮನ ಕೊಡಬಲ್ಲುದು, ಆದರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಹಿಗ್ಗಿರುವವರಲ್ಲಿ ಎಚ್ಚರ ಬೇಕು. ಬಸುರಿಯರಿಗೆ ಡಾಕ್ಸಿಲಮಿನ್ ಮತ್ತು ಪಿರಿಡಾಕ್ಸಿನ್ ಜೋಡಿ, ಜತೆಗೆ ಸ್ವಲ್ಪ ಸ್ವಲ್ಪವಾಗಿ ಆಗಾಗ ಊಟ. ಪೋಷಣೆ ಕೆಟ್ಟ ಮದ್ಯಪಾನಿಗೆ ಗ್ಲೂಕೋಸ್ ಹನಿಸುವಾಗ ಥಯಮಿನ್ ಕೊಡುವುದನ್ನು ಮರೆಯಬಾರದು. ಗಾಂಜಾ ಸೇದುವ ಯುವಕ ಬಿಸಿನೀರಿನ ಸ್ನಾನದಿಂದ ಮಾತ್ರ ಸಮಾಧಾನ ಸಿಗುತ್ತದೆ ಎಂದರೆ ಅವನ ಔಷಧಿ ಗಾಂಜಾ ಬಿಡುವುದೇ.

ದಾರಿ ಕಟ್ಟಿದ ಶಂಕೆಯಿದ್ದಾಗ ಮೆಟೊಕ್ಲೋಪ್ರಮೈಡ್‌ನಂಥ, ಜಠರವನ್ನು ನೂಕುವ ಔಷಧಿ ಕೊಡಲೇಕೂಡದು. ಬಾಯಿಂದ ಏನನ್ನೂ ಕೊಡದೆ, ಸಲೈನ್ ಹಚ್ಚಿ, ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ (ರೈಲ್ಸ್ ಟ್ಯೂಬ್) ಇಳಿಯುತ್ತದೆಯೇ ಎಂದು ಮೆಲ್ಲಗೆ ನೋಡಬೇಕು. ಇಳಿದರೆ ಗಾಳಿ, ದ್ರವ ಹೊರಬಂದು ಒತ್ತಡ ಇಳಿಯುತ್ತದೆ. ಇಳಿಯದಿದ್ದರೆ ಒತ್ತಿ ತಳ್ಳದೆ, ತಡಮಾಡದೆ ಶಸ್ತ್ರಚಿಕಿತ್ಸಕರನ್ನು ಕರೆಯಬೇಕು. ಅವರು ಜಠರವನ್ನು ನೇರಮಾಡಿ, ಹರ್ನಿಯಾ ಮುಚ್ಚಿ, ಅಗತ್ಯವಿದ್ದರೆ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಲ್ಲಿ ಎಂಡೋಸ್ಕೋಪಿಯಿಂದ ತಿರುಚು ಬಿಡಿಸಿ, ಹೊಟ್ಟೆಯ ಮೂಲಕ ಹಾಕಿದ ನಳಿಕೆಗಳಿಂದ ಜಠರವನ್ನು ಸ್ಥಿರಗೊಳಿಸುವುದುಂಟು.