ಹುಬ್ಬಳ್ಳಿಯ ಮಹಾಮಾರಿಯೂ ನೆತ್ತರಿನ ನಂಜೂ

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಧಾರವಾಡ ಜಿಲ್ಲೆಯನ್ನು ಹೊಕ್ಕು, 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯನ್ನು ಅತಿ ಭಯಂಕರವಾಗಿ ಪೀಡಿಸಿತು. ಜನರು ಮನೆಮಾರುಗಳನ್ನು ತೊರೆದು ಬಯಲಿನ ಗುಡಿಸಲುಗಳಲ್ಲಿ ನೆಲೆಸಬೇಕಾಯಿತು. ಹಾಫ್ಕಿನ್ ಪಂಡಿತನು ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ತನ್ನ ಮೈಮೇಲೆಯೇ ಪ್ರಯೋಗಿಸಿ ನೋಡಿದ್ದ ಲಸಿಕೆಯನ್ನು ಡಾಕ್ಟರ್ ಲ್ಯೂಮನ್ನನು ಆ ಊರಿನ 30,000ಕ್ಕೂ ಮಿಕ್ಕ ಜನರಿಗೆ ಚುಚ್ಚಿದನು. ಚುಚ್ಚಿಸಿಕೊಂಡವರಲ್ಲಿ ಮರಣವು ಬಹಳ ಕಡಿಮೆಯಾಯಿತು.

ಜನರು ಈ ಬೇನೆಯನ್ನು ಗುರುತಿಸುತ್ತಿದ್ದುದು ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಏಳುವ ಗಡ್ಡೆಯಿಂದ. ಆದರೆ ಗಡ್ಡೆಯೇ ಏಳದೆ, ಜ್ವರ ಬಂದ ಒಂದೆರಡು ದಿನಗಳಲ್ಲಿಯೇ ರೋಗಿಯು ತೀರಿಕೊಳ್ಳುವ ಬಗೆಯೊಂದುಂಟು. 1894ರಲ್ಲಿ ಯೆರ್ಸಿನ್ ಕಂಡುಹಿಡಿದ ರೋಗಾಣುವು ಆಗ ನೇರವಾಗಿ ನೆತ್ತರಿನಲ್ಲಿ ಬೆಳೆದಿರುತ್ತದೆ. ಕೊಲ್ಲುವುದು ಗಡ್ಡೆಯಲ್ಲ, ನೆತ್ತರಿನ ನಂಜು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ನಂಜಿಗೆ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ರೋಗಾಣುವನ್ನು ಎದುರಿಸಹೊರಟ ದೇಹವು ಮಿತಿಮೀರಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು ಇದರ ಲಕ್ಷಣ. ರಕ್ತನಾಳಗಳು ಸಡಿಲಿ ಹಿಗ್ಗುತ್ತವೆ, ಸೋರುತ್ತವೆ. ರಕ್ತದ ಒತ್ತಡ ಕುಸಿಯುತ್ತದೆ. ಬಾವಿಯಲ್ಲಿ ನೀರಿದ್ದರೂ ಕಾಲುವೆಯ ದಂಡೆ ಸಡಿಲಿದರೆ ಹೊಲದ ಕಡೆಯ ಮಡಿಗೆ ನೀರು ಮುಟ್ಟದಷ್ಟೆ. ಹಾಗೆಯೇ ಮೂತ್ರಪಿಂಡ, ಮಿದುಳುಗಳಿಗೆ ಪ್ರಾಣವಾಯು ಸಾಲದಾಗುತ್ತದೆ. ಈ ಅವಸ್ಥೆಯೇ ಷಾಕ್.

ಇದಕ್ಕೆ ಮದ್ದು ಒಂದೇ ಕಾಲಕ್ಕೆ ದೊರೆತುದಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಲಟ್ಟಾ ಎಂಬ ವೈದ್ಯನು ಕಾಲರಾ ರೋಗಿಗಳ ನಾಳಕ್ಕೆ ಉಪ್ಪುನೀರನ್ನು ಏರಿಸಿದನು. ಪ್ಲೇಗಿನ ರೋಗಾಣುವನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದುದು 1957ರಲ್ಲಿ. ರೋಗಾಣುನಾಶಕ ಔಷಧ, ನಾಳಕ್ಕೆ ದ್ರವ, ಒತ್ತಡವನ್ನು ಎತ್ತಿಹಿಡಿಯುವ ಮದ್ದು, ಈ ಮೂರೂ ಇಂದು ಲಭ್ಯವಿವೆ. 1898ರ ರೋಗಿಗೆ ಈ ಮೂರೂ ಒಟ್ಟಾಗಿ ದೊರೆಯುತ್ತಿರಲಿಲ್ಲ.

ಪ್ಲೇಗು ಹೋಯಿತು, ನಂಜು ಹೋಗಿಲ್ಲ. ನವಲಗುಂದದ ಎರೆಹೊಲದಲ್ಲಿ ಕಾಲಿಗೆ ನೆಟ್ಟ ಮುಳ್ಳು, ಕಲಘಟಗಿಯ ಹಳ್ಳಿಯೊಂದರಲ್ಲಿ ಬಾಣಂತಿಗೆ ಬಂದ ಜ್ವರ, ಅಣ್ಣಿಗೇರಿಯ ವೃದ್ಧರೊಬ್ಬರ ಕೆಮ್ಮು ಕೂಡ ಇದಕ್ಕೆ ಮೂಲವಾಗಬಹುದು. ಉಸಿರು ವೇಗವಾಗುವುದು, ಮಾತು ತಡವರಿಸಿ ಮಂಕು ಕವಿಯುವುದು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಇದರ ಕುರುಹುಗಳು. ಜ್ವರವಿಳಿದು ಮೈ ತಣ್ಣಗಾಯಿತೆಂದು ಮನೆಯವರು ಸಮಾಧಾನಪಡುವ ಗಳಿಗೆಯೇ ಕೆಲವೊಮ್ಮೆ ಅತ್ಯಂತ ಅಪಾಯದ ಗಳಿಗೆಯಾಗಿರುತ್ತದೆ. ಅಂಥ ರೋಗಿಯನ್ನು ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯತಕ್ಕದ್ದು.